ಏಳು ಸಾವಿರ ಸಾಲಿನ ಒಡತಿ

ಮಾರ್ಚ್ 3, ಸೋಮವಾರ

ಮ್ಯಾನೇಜರ್ ಎಲ್ಲರಿಗೂ ಒಂದೊಂದು ನೋಟ್‌ಬುಕ್ ಹಂಚಿದ್ದಾರೆ. ದಿನವೂ ಏನು ಕೆಲಸ ಮಾಡಿದಿರಿ ಅಂತ ಬರೆದು ತೋರಿಸಬೇಕಂತೆ. ಅದರಲ್ಲಿ "ಸರ್ವರ್ ನೋಡಿಕೊಂಡೆ" ಎಂದು ಬರೆದಿದ್ದೇನೆ. ನಾಳೆಯೂ ಅದನ್ನೇ ಬರೆಯುತ್ತೇನೆ. ಇದು ಇನ್ನೊಂದು ನೋಟ್‌ಬುಕ್, ಸ್ಟೋರ್ ರೂಮಿನಿಂದ ನಾನೇ ಎತ್ತಿಕೊಂಡು ಬಂದದ್ದು. ಇದನ್ನು ನಾನಲ್ಲದೆ ಯಾರೂ ಓದಕೂಡದು, ಆದ್ದರಿಂದ ಇದರಲ್ಲಿ ನಿಜ ಬರೆಯಬಹುದು.

ನಿಜ ಏನೆಂದರೆ ಇವತ್ತು ನನ್ನ ಪಿತ್ತ ನೆತ್ತಿಗೇರಿದೆ.

ನಮ್ಮದು ಲಿಫ್ಟ್ ಕಂಪನಿ. ಊರಿನ ನಾನೂರು ಚಿಲ್ಲರೆ ಕಟ್ಟಡಗಳ ಲಿಫ್ಟುಗಳು ನಮ್ಮ ಸರ್ವರಿಗೆ ಸಂದೇಶ ಕಳಿಸುತ್ತಲೇ ಇರುತ್ತವೆ. ಬಾಗಿಲು ಮುಚ್ಚುತ್ತಿಲ್ಲ, ಭಾರ ಹೆಚ್ಚಾಯಿತು, ದೀಪ ಹೋಯಿತು, ಒಳಗೆ ಯಾರೋ ಸಿಕ್ಕಿಹಾಕಿಕೊಂಡಿದ್ದಾರೆ. ಒಂದೊಂದು ಸಂದೇಶಕ್ಕೂ ಒಂದೊಂದು ನಂಬರು, ಒಟ್ಟು ನಲವತ್ತೇಳು. ಯಾವ ನಂಬರು ಬಂದರೆ ಏನು ಮಾಡಬೇಕು, ಯಾವ ಮೆಕ್ಯಾನಿಕ್‌ಗೆ ಫೋನು ಹೋಗಬೇಕು ಎಂದು ತೀರ್ಮಾನಿಸುವ ಕೋಡ್ ನನ್ನದು. ಒಂದೇ ಫೈಲು, ಅದರೊಳಗೆ ಒಂದೇ ಫಂಕ್ಷನ್ನು, ಅಂದರೆ ಎಲ್ಲೂ ತುಂಡಾಗದ ಒಂದೇ ಉದ್ದನೆಯ ಅಪ್ಪಣೆಗಳ ಸರಣಿ. ಒಂದು ಬಂದರೆ ಹೀಗೆ ಮಾಡು, ಎರಡು ಬಂದರೆ ಹಾಗೆ ಮಾಡು, ಎರಡು ಬಂದು ಅವತ್ತು ಭಾನುವಾರವಾಗಿದ್ದರೆ ಮತ್ತೊಂದು ಮಾಡು. ಹೀಗೆ ಏಳು ಸಾವಿರದ ಇನ್ನೂರು ಸಾಲು, ಹನ್ನೊಂದು ವರ್ಷದಲ್ಲಿ ಬೆಳೆದದ್ದು. ನನ್ನ ಮಗಳಿಗಿಂತ ಹೆಚ್ಚು ಹೊತ್ತು ಅದರ ಜೊತೆ ಕಳೆದಿದ್ದೇನೆ. ಮಾತೂ ಅದೇ ಹೆಚ್ಚು ಕೇಳುತ್ತದೆ.

ಅದರಲ್ಲಿ ಯಾರಿಗೆ ಏನು ಬೇಕಾದರೂ ನನ್ನ ಮೇಜಿನ ಮುಂದೆ ಬಂದು ನಿಲ್ಲಬೇಕು. ಆಫೀಸಿನಲ್ಲಿ ನನಗೆ "ವಿಚಾರಣಾ ಕೌಂಟರ್" ಅಂತ ಅಡ್ಡಹೆಸರಿದೆ ಎನ್ನುವುದು ನನಗೆ ಗೊತ್ತಿಲ್ಲ ಅಂತ ಅವರೆಲ್ಲ ಅಂದುಕೊಂಡಿದ್ದಾರೆ.

ಇವತ್ತು ಮ್ಯಾನೇಜರ್ ಬಂದು ಹೇಳಿದರು, "ಮೇಡಂ, ಹೊಸ ಮಾದರಿ ಲಿಫ್ಟ್ ಬರ್ತಿದೆ. ಹೊಸದಾಗಿ ಹದಿನಾಲ್ಕು ಸಂದೇಶ. ಏಪ್ರಿಲ್ ಹನ್ನೊಂದಕ್ಕೆ ದೊಡ್ಡಾಸ್ಪತ್ರೆ ಕಟ್ಟಡದಲ್ಲಿ ತಪಾಸಣೆ. ನಿಮ್ಮ ಫೈಲ್ ಅಷ್ಟರಲ್ಲಿ ತಯಾರಾದ್ರೆ ಸರಿ. ಆಗದಿದ್ರೆ ಹೊರಗಿನಿಂದ ಸಿದ್ಧವಾದ್ದೇ ತಂದು ಹಾಕೋಣ, ನೀವು ಆರಾಮಾಗಿ ಮೇಲಿನ ಕೈಪಿಡಿ ವಿಭಾಗಕ್ಕೆ ಹೋಗಬಹುದು."

ಕೈಪಿಡಿ ವಿಭಾಗ ಎಂದರೆ "ಲಿಫ್ಟಿನಲ್ಲಿ ಕುಣಿಯಬೇಡಿ" ಎಂದು ನಾಲ್ಕು ಬಣ್ಣದಲ್ಲಿ ಬರೆಯುವ ಜಾಗ. ಅಲ್ಲಿಗೆ ಹೋದವರು ಯಾರೂ ಕೆಳಗಿಳಿದು ಬಂದಿಲ್ಲ. ನಲವತ್ತೊಂಬತ್ತನೇ ವಯಸ್ಸಿನಲ್ಲಿ ನಾನು ಅಲ್ಲಿಗೆ ಹೋಗುವವಳಲ್ಲ.

ಮಾರ್ಚ್ 5, ಬುಧವಾರ

ನನ್ನ ಜೊತೆ ಕೆಲಸ ಮಾಡಲು ಬೇರೆ ಕಂಪನಿಯಿಂದ ಒಬ್ಬಳನ್ನು ಕರೆತಂದಿದ್ದಾರೆ. ಮೂವತ್ತೈದರ ಆಸುಪಾಸು, ಶಾಂತ ಮುಖ. ಬೆಳಿಗ್ಗೆಯಿಂದ ಸಂಜೆಯವರೆಗೆ ಅವಳ ಬಾಯಿಂದ ಬಂದದ್ದು ಒಂದೇ ಮಾತು, ಯಾಕೆ. ಮಧ್ಯಾಹ್ನದ ಹೊತ್ತಿಗೆ ನಾನು ಅವಳಿಗೆ ಯಾಕಮ್ಮ ಎಂದು ಹೆಸರಿಟ್ಟಾಗಿತ್ತು.

"ಮೇಡಂ, ಇಪ್ಪತ್ತಮೂರನೇ ಸಂದೇಶ ಬಂದ್ರೆ ನಾಲ್ಕು ಸೆಕೆಂಡ್ ಸುಮ್ನೆ ಕಾಯತ್ತಲ್ಲ, ಯಾಕೆ?"

"ಕಾಯಬೇಕು, ಅದಕ್ಕೆ."

"ಪಕ್ಕದಲ್ಲಿ 'ಇದನ್ನು ಮುಟ್ಟಬೇಡ' ಅಂತ ಬರೆದಿದೆ. ಯಾರು ಬರೆದದ್ದು?"

"ನಾನು."

"ಯಾರಿಗೆ?"

ನನಗೇ. ಆದರೆ ಅದನ್ನು ಅವಳಿಗೆ ಹೇಳಲಿಲ್ಲ. ಯಾಕೆ ಬರೆದೆ ಎನ್ನುವುದು ನೆನಪಿಲ್ಲ ಎಂದೂ ಹೇಳಲಿಲ್ಲ.

"ಕೊನೇ ಸಾಲಲ್ಲಿ, ಬೇರೆ ಏನೇ ಬಂದ್ರೂ ಏನೂ ಮಾಡಬೇಡ ಅಂತಿದೆ. ಯಾಕೆ ಮೇಡಂ?"

"ಬೇರೆ ಏನೂ ಬರಲ್ಲ, ಅದಕ್ಕೆ."

"ಬಂದ್ರೆ?"

"ಬರಲ್ಲ ಅಂದ್ನಲ್ಲ!"

ಮನೆಗೆ ಬಂದರೆ ಅಲ್ಲೂ ಕೌಂಟರ್ ತೆರೆದೇ ಇರುತ್ತದೆ. ಮಗಳು ಕೋಣೆಯಿಂದ ಕೂಗಿದಳು, "ಅಮ್ಮಾ, ಅಪ್ಪನಿಗೆ ಹೇಳು, ನನ್ನ ಸೈಕಲ್ ಬ್ರೇಕ್ ಹೋಗಿದೆ." ಅವಳ ಅಪ್ಪ ಎಂಟು ಹೆಜ್ಜೆ ಆಚೆ ಕೂತು ಯಾರದ್ದೋ ಕನ್ನಡಕದ ಕಾಲು ರಿಪೇರಿ ಮಾಡುತ್ತಿದ್ದರು. ಅಂಗಡಿಯ ಕೆಲಸವನ್ನು ಮನೆಗೂ ತರುವ ಮನುಷ್ಯ. ನಾನು ಹೇಳಿದೆ. ಇವರು, "ಭಾನುವಾರ ನೋಡ್ತೀನಿ ಅಂತ ಹೇಳು" ಅಂದರು. ಹೇಳಿದೆ. ಮಾವ ಬಾಲ್ಕನಿಯಿಂದ, "ಅಮ್ಮಾ, ಪೇಪರ್ ಓದೋಕೆ ಕಣ್ಣು ಮಂಜಾಗ್ತಿದೆ ಅಂತ ಅವನಿಗೆ ಸ್ವಲ್ಪ ಹೇಳು" ಅಂದರು. ಮಗನ ಕಸುಬೇ ಕನ್ನಡಕ, ಆದರೂ ಸುದ್ದಿ ನನ್ನ ಮೂಲಕವೇ ಹೋಗಬೇಕು. ಇವರೆಲ್ಲ ನಾನಿಲ್ಲದಿದ್ದರೆ ಏನು ಮಾಡುತ್ತಾರೋ ದೇವರೇ ಬಲ್ಲ. ಬೈದುಕೊಂಡೇ ಹೇಳಿದೆ, ಆದರೂ ಒಳಗೊಳಗೇ ಹಿತವಾಗಿತ್ತು ಅನ್ನುವುದನ್ನು ಇಲ್ಲಿ ಬರೆಯಲು ಅಡ್ಡಿಯಿಲ್ಲ.

ಮಾರ್ಚ್ 7, ಶುಕ್ರವಾರ

ಯಾಕಮ್ಮ ಬೋರ್ಡಿನ ಮೇಲೆ ಚಿತ್ರ ಬರೆದು ನನಗೆ ಪಾಠ ಮಾಡಿದಳು. ನನಗೆ!

ಅವಳ ಪ್ರಕಾರ ಒಂದೊಂದು ಬಗೆಯ ಸಂದೇಶಕ್ಕೂ ಒಂದೊಂದು ಕ್ಲಾಸ್, ಅಂದರೆ ಕೋಡಿನ ಬೇರೆಯದೇ ಒಂದು ತುಂಡು, ಇರಬೇಕು. ತನ್ನ ಒಳಗಿನ ವಿವರವನ್ನು ಅದು ತಾನೇ ಓದಿಕೊಳ್ಳಬೇಕು, ತನ್ನ ಕೆಲಸ ತಾನೇ ಮಾಡಿಸಬೇಕು. ಸಂದೇಶ ಒಳಬರುವ ಬಾಗಿಲಲ್ಲಿ ಕೂತಿರುವ ಕೋಡ್‌ಗೆ ನಂಬರು ನೋಡಿ ಆಯಾ ಕ್ಲಾಸಿಗೆ ಒಪ್ಪಿಸುವುದಷ್ಟೇ ಕೆಲಸ. ಹೊಸ ಸಂದೇಶ ಬಂದರೆ ಹೊಸ ಕ್ಲಾಸ್ ಒಂದನ್ನು ಸೇರಿಸಿದರಾಯಿತು, ಹಳೆಯದನ್ನು ಯಾರೂ ಮುಟ್ಟಬೇಕಿಲ್ಲ.

"ಒಂದು ಮನೆಯ ಪಾತ್ರೆಯನ್ನ ನಲವತ್ತೇಳು ಮನೆಗೆ ಹಂಚಿದ ಹಾಗಾಯ್ತು. ಒಂದು ಸೌಟು ಬೇಕಾದ್ರೆ ಊರೆಲ್ಲ ಸುತ್ತಬೇಕು," ಅಂದೆ.

"ಈಗ ಒಂದು ಸೌಟು ಎಳೆದ್ರೆ ಅಟ್ಟವೇ ತಲೆ ಮೇಲೆ ಬೀಳತ್ತಲ್ಲ ಮೇಡಂ," ಅಂದಳು.

ಬಾಯಿ ಜೋರಿದೆ. ಆ ಹದಿನಾಲ್ಕು ಸಂದೇಶವನ್ನು ಹಳೆಯ ಫೈಲಿನಲ್ಲೇ ನಾನೊಬ್ಬಳೇ ಸೇರಿಸುತ್ತೇನೆ, ನನ್ನ ಫೈಲಿಗೆ ಕೈ ಹಚ್ಚಬೇಡ ಎಂದು ಕಡ್ಡಿ ಮುರಿದಂತೆ ಹೇಳಿದೆ.

ಮಾರ್ಚ್ 11, ಮಂಗಳವಾರ

ನಲವತ್ತೆಂಟನೆಯದನ್ನು ಸೇರಿಸಿದೆ. ಹನ್ನೆರಡನೆಯದು ಕೆಟ್ಟಿತು.

ಹನ್ನೆರಡು ಎಂದರೆ ದೀಪ ಹೋಗಿದೆ. ಅದು ಯಾವುದೋ ಮೂಲೆಯಲ್ಲಿ ಇಟ್ಟುಕೊಂಡಿದ್ದ ಅಂಕಿಯನ್ನು ನನ್ನ ಹೊಸ ಸಾಲು ಬದಲಿಸಿಬಿಟ್ಟಿದೆ. ಪರಿಣಾಮವಾಗಿ, ದೀಪ ಹೋದ ಲಿಫ್ಟುಗಳಿಗೆಲ್ಲ ಭಾರ ಹೆಚ್ಚಾಗಿದೆ ಎಂದು ಸಾರುವ ಅಪ್ಪಣೆ ಹೋಗಿದೆ. ಒಂದು ಕಚೇರಿಯ ಕಟ್ಟಡದಲ್ಲಿ ಕಡ್ಡಿಯಂಥ ಮನುಷ್ಯ ಒಬ್ಬನೇ ನಿಂತಿದ್ದನಂತೆ. ಕತ್ತಲಲ್ಲಿ ಲಿಫ್ಟು, "ಭಾರ ಹೆಚ್ಚಾಗಿದೆ, ದಯವಿಟ್ಟು ಒಬ್ಬರು ಇಳಿಯಿರಿ" ಅಂದಿದೆ. ಪಾಪ, ಇಳಿದಿದ್ದಾನೆ. ಖಾಲಿ ಲಿಫ್ಟು ಮತ್ತೆ, "ದಯವಿಟ್ಟು ಇನ್ನೊಬ್ಬರು ಇಳಿಯಿರಿ" ಅಂದಿದೆ. ಅವನು ಒಳಗೆ ಇಣುಕಿ ನೋಡಿ, ಏಳು ಮಹಡಿ ಮೆಟ್ಟಿಲಲ್ಲೇ ಓಡಿ ಇಳಿದು, ನಮಗೆ ಫೋನು ಮಾಡಿದ. "ಒಳಗೆ ಇನ್ನೂ ಯಾರಿದ್ದಾರೆ ಅಂತ ನನಗೆ ಈಗಲೇ ಗೊತ್ತಾಗಬೇಕು" ಎಂದು ಹಟ ಹಿಡಿದನಂತೆ.

ಮ್ಯಾನೇಜರ್ ಬೈಯಲಿಲ್ಲ. ಮೇಲಿನ ಮಹಡಿಯಲ್ಲಿ ಕಿಟಕಿ ಪಕ್ಕದ ಮೇಜು ಖಾಲಿ ಇದೆ, ಗಾಳಿ ಬೆಳಕು ಚೆನ್ನಾಗಿದೆ ಎಂದಷ್ಟೇ ಹೇಳಿ ಹೋದರು. ಯಾಕಮ್ಮ ನಗಲಿಲ್ಲ. ನಕ್ಕಿದ್ದರೆ ಜಗಳವಾಡಬಹುದಿತ್ತು.

ಮಾರ್ಚ್ 14, ಶುಕ್ರವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು, ಆಮೇಲೆ ನನಗೇ ನಂಬಿಕೆ ಬರುವುದಿಲ್ಲ.

ಮಾವನ ಕಣ್ಣು ತೋರಿಸಲು ಅರ್ಧ ದಿನ ರಜೆ ಹಾಕಿದ್ದೆ. ಕಣ್ಣಿನ ಡಾಕ್ಟರು ಇರುವುದು ಐದನೇ ಮಹಡಿಯಲ್ಲಿ. ಮಾವನಿಗೆ ಎಂಬತ್ತೇಳು, ಮೆಟ್ಟಿಲು ಆಗದು. ಲಿಫ್ಟಿಗೆ ಹತ್ತಿದೆವು. ನಮ್ಮ ಕಂಪನಿಯದೇ ಲಿಫ್ಟು ಅಂತ ಮಾವನಿಗೆ ಜಂಬದಿಂದ ಹೇಳಿಯೂ ಆಯಿತು. ಮೂರು ಮತ್ತು ನಾಲ್ಕರ ನಡುವೆ ಅದು ನಿಂತಿತು.

ಫೋನಿಗೆ ಸಿಗ್ನಲ್ ಇಲ್ಲ. ಮಾವ ಕೆಂಪು ಗಂಟೆ ಒತ್ತಿದರು.

"ಒತ್ತಿದ್ರೆ ಏನಾಗತ್ತಮ್ಮಾ?"

"ನಮ್ಮ ಸರ್ವರಿಗೆ ಸಂದೇಶ ಹೋಗತ್ತೆ ಮಾವ."

"ಅಲ್ಲಿ ಯಾರು ನೋಡ್ತಾರೆ?"

"ನನ್ನ ಕೋಡೇ ನೋಡತ್ತೆ."

"ಹಾಗಾದ್ರೆ ಚಿಂತೆಯಿಲ್ಲ," ಎಂದು ಮಾವ ಗೋಡೆಗೆ ಒರಗಿ ನಿಂತರು.

ಆಗ ನನ್ನ ಕಣ್ಣು ಬಾಗಿಲ ಪಕ್ಕದ ಫಲಕಕ್ಕೆ ಬಿತ್ತು. ಹೊಸ ಮಾದರಿ. ಪ್ರಯೋಗಕ್ಕೆಂದು ನನಗೊಂದು ಮಾತೂ ಹೇಳದೆ ತಂದು ಕೂರಿಸಿದ್ದಾರೆ. ಹೊಸ ಮಾದರಿಯಲ್ಲಿ ಗಂಟೆಯ ಸಂದೇಶ ಅರವತ್ತೊಂದು. ನನ್ನ ಫೈಲಿಗೆ ಗೊತ್ತಿರುವುದು ನಲವತ್ತೆಂಟರವರೆಗೆ. ಅರವತ್ತೊಂದು ಬಂದರೆ ಏನಾಗುತ್ತದೆ ಎಂದು ಈ ಭೂಮಿಯ ಮೇಲೆ ನನ್ನಷ್ಟು ಚೆನ್ನಾಗಿ ತಿಳಿದವರು ಇನ್ನೊಬ್ಬರಿಲ್ಲ. ಏಳು ಸಾವಿರ ಸಾಲನ್ನು ದಾಟಿ ಕೊನೆಯ ಸಾಲಿಗೆ ಬರುತ್ತದೆ. ಬೇರೆ ಏನೇ ಬಂದರೂ ಏನೂ ಮಾಡಬೇಡ.

ಮಾವ ಮತ್ತೆ ಒತ್ತಿದರು. ಮತ್ತೆ ಒತ್ತಿದರು.

"ಮಾವ, ಸಾಕು. ಅದು ಬಿಸಾಕ್ತಿದೆ."

"ಯಾರು?"

"ನನ್ನ ಕೋಡು. ಗೊತ್ತಿಲ್ಲದ ಸಂದೇಶ ಬಂದ್ರೆ ಬಿಸಾಕು ಅಂತ ಬರೆದಿದ್ದೀನಿ."

ಮಾವ ನನ್ನನ್ನು ಈ ಇಪ್ಪತ್ತೈದು ವರ್ಷದಲ್ಲಿ ಹಾಗೆ ನೋಡಿದ್ದಿಲ್ಲ. ಮದುವೆಯ ಹೊಸತರಲ್ಲಿ ಅವರ ರೇಡಿಯೋ ಕೆಡವಿ ಒಡೆದಾಗಲೂ ಅಷ್ಟು ನೊಂದಿರಲಿಲ್ಲ. ಅವರು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸದಲ್ಲಿದ್ದವರು.

"ಬಿಸಾಕ್ತೀಯಾ? ಮೂವತ್ತೈದು ವರ್ಷ ಕಾಗದ ವಿಂಗಡಿಸಿದೆ ಕಣಮ್ಮಾ. ಒಂದನ್ನೂ ಬಿಸಾಕಿಲ್ಲ. ವಿಳಾಸ ಗೊತ್ತಾಗದ ಕಾಗದಕ್ಕೇ ಒಂದು ಗೂಡು ಬೇರೆ ಇತ್ತು. ಅದಕ್ಕೊಬ್ಬ ಗುಮಾಸ್ತ. ಯಾರದ್ದು ಅಂತ ಪತ್ತೆ ಹಚ್ಚೋವರೆಗೂ ಬಿಡ್ತಿರಲಿಲ್ಲ ಆಸಾಮಿ."

"ನಿಮಗೆ ಸುಲಭ ಮಾವ. ನನ್ನ ಕೋಡು ಪ್ರತಿಯೊಂದನ್ನೂ ಓದಿ, ಅದರ ಕೆಲಸಾನೂ ಮಾಡಬೇಕು."

"ಯಾಕೆ ಓದಬೇಕು? ನಾನು ಒಂದನ್ನೂ ಓದಿಲ್ಲ. ನಂಬರು ನೋಡೋದು, ಗೂಡಿಗೆ ಎಸೆಯೋದು. ಆ ಬೀದೀಲಿ ಕಚ್ಚೋ ನಾಯಿ ಇದೆ, ಮೂರನೇ ಮನೆ ಅಜ್ಜಿಗೆ ಕಿವಿ ಕೇಳಲ್ಲ, ಅದೆಲ್ಲ ಆ ಬೀದಿ ಪೋಸ್ಟ್‌ಮ್ಯಾನ್‌ಗೆ ಗೊತ್ತು. ನಾನು ಅದನ್ನೆಲ್ಲ ತಲೇಲಿ ತುಂಬಿಕೊಂಡಿದ್ರೆ ದಿನಕ್ಕೆ ಹತ್ತು ಕಾಗದಾನೂ ಹೋಗ್ತಿರಲಿಲ್ಲ. ಒಬ್ಬನೇ ಕೂತು ಎಲ್ಲಾ ಕಾಗದ ಒಡೆದು ಓದ್ತೀನಿ ಅನ್ನೋನಿಗೆ ನಮ್ಮಲ್ಲಿ ಒಂದು ಹೆಸರಿತ್ತು."

"ಏನು?"

"ಬಿಡು, ಸೊಸೆ ಮುಂದೆ ಹೇಳೋದಲ್ಲ."

ಒಂದು ಗಂಟೆ ಹತ್ತು ನಿಮಿಷ ಹೀಗೆ ಕಳೆಯಿತು. ನಾನು ನೆಲದ ಮೇಲೆ ಕೂತು ಡಾಕ್ಟರ ಹಳೆಯ ಚೀಟಿಯ ಹಿಂದೆ ಗೂಡುಗಳ ಚಿತ್ರ ಬರೆದೆ. ಮಾವ ತಿದ್ದಿದರು. ಅದು ಹೆಚ್ಚುಕಡಿಮೆ ಯಾಕಮ್ಮ ಬೋರ್ಡಿನ ಮೇಲೆ ಬರೆದ ಚಿತ್ರವೇ ಆಗಿತ್ತು, ಆದರೆ ಮಾವ ಹೇಳಿದ್ದರಿಂದ ಅರ್ಥವಾಯಿತು. ಮಧ್ಯೆ ಮಧ್ಯೆ ಮಾವ ಗಂಟೆ ಒತ್ತುತ್ತಲೇ ಇದ್ದರು. ಬಿಸಾಕಿದರೂ ಕಳಿಸುವುದು ನಮ್ಮ ಧರ್ಮ ಅಂತ ಅವರ ವಾದ.

ಕೊನೆಗೆ ಮೇಲಿನಿಂದ ಮೆಕ್ಯಾನಿಕ್‌ನ ದನಿ ಕೇಳಿಸಿತು. ಅವನನ್ನು ಕಳಿಸಿದವಳು ಯಾಕಮ್ಮ. ನಾನು ಬೇಡವೆಂದರೂ ಕದ್ದು ನನ್ನ ಫೈಲಿನ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದಳಂತೆ, ಗೊತ್ತಿಲ್ಲದ ಸಂದೇಶಗಳನ್ನೆಲ್ಲ ಒಂದು ಪಟ್ಟಿಗೆ ಬರೆದಿಡು ಎಂದು. ಊಟ ಮುಗಿಸಿ ಬಂದು ನೋಡಿದರೆ ಪಟ್ಟಿಯ ತುಂಬ ಅರವತ್ತೊಂದು, ಅರವತ್ತೊಂದು, ಅರವತ್ತೊಂದು. ನೂರ ಎಂಬತ್ತಾರು ಸಲ.

ಮಾರ್ಚ್ 15, ಶನಿವಾರ

ನನ್ನ ಫೈಲು ಮುಟ್ಟಿದ್ದಕ್ಕೆ ಯಾಕಮ್ಮನಿಗೆ ಬೈದೆ. ನಮ್ಮನ್ನು ಬಿಡಿಸಿದ್ದಕ್ಕೆ ಥ್ಯಾಂಕ್ಸ್ ಹೇಳಿದೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದರಿಂದ ಯಾವುದೂ ಸರಿಯಾಗಿ ಬರಲಿಲ್ಲ.

ಸೋಮವಾರದಿಂದ ಹೊಸ ರೀತಿಯಲ್ಲಿ ಬರೆಯೋಣ ಎಂದೂ ಹೇಳಿದೆ. ನಾನೇ ಯೋಚಿಸಿದ್ದು ಎನ್ನುವ ಧಾಟಿಯಲ್ಲಿ.

ಮಾರ್ಚ್ 19, ಬುಧವಾರ

ಎರಡೇ ದಿನದಲ್ಲಿ ನಲವತ್ತೇಳೂ ಕ್ಲಾಸ್ ಮುಗಿಸಿದೆ! ಸಾಲಾಗಿ ಹೆಸರಿಟ್ಟು ಜೋಡಿಸಿದ್ದೇನೆ, ನೋಡಲು ಕಣ್ಣಿಗೆ ಹಬ್ಬ. ಮ್ಯಾನೇಜರ್ ಬೆನ್ನು ತಟ್ಟಿದರು. ಯಾಕಮ್ಮ ಇವತ್ತು ರಜೆ. ನಾಳೆ ಬಂದು ನೋಡಲಿ, ಅನುಭವ ಎಂದರೆ ಏನು ಅಂತ.

ಮಾರ್ಚ್ 20, ಗುರುವಾರ

ನೋಡಿದಳು.

"ಮೇಡಂ, ಈ ಕ್ಲಾಸಿನ ಒಳಗೆ ಒಂದೇ ಸಾಲಿದೆ. ಅದು ಹಳೇ ಫಂಕ್ಷನ್ನನ್ನೇ ಕರೀತಿದೆ."

"ಹೌದು."

"ಇದೂ ಅದನ್ನೇ ಕರೀತಿದೆ."

"ಹೌದು."

"ನಲವತ್ತೇಳೂ?"

ನಲವತ್ತೇಳು ಹೊಸ ಬಾಗಿಲು ಇಟ್ಟಿದ್ದೆ, ಪ್ರತಿಯೊಂದೂ ಅದೇ ಹಳೆಯ ಹಜಾರಕ್ಕೆ ತೆರೆಯುತ್ತಿತ್ತು. ಏಳು ಸಾವಿರ ಸಾಲಿನಲ್ಲಿ ಒಂದೂ ಕದಲಿರಲಿಲ್ಲ. ಮೋಸ ಮಾಡಬೇಕು ಅಂತ ಮಾಡಿದ್ದಲ್ಲ, ದೇವರಾಣೆ. ಕೈ ತಾನಾಗಿ ಹಾಗೆ ಬರೆಯಿತು.

"ಯಾಕೆ ಮೇಡಂ?" ಅಂದಳು. ಈ ಸಲ ಮೆತ್ತಗೆ ಕೇಳಿದಳು.

"ಅದನ್ನ ಬಿಚ್ಚಿ ಹಂಚಿಬಿಟ್ರೆ ನನ್ನ ಹತ್ರ ಯಾರು ಬರ್ತಾರೆ?" ಎಂದು ನನ್ನ ಬಾಯಿಂದ ಬಂದುಹೋಯಿತು. ನಾಲಿಗೆ ಕಚ್ಚಿಕೊಂಡೆ. ಹನ್ನೊಂದು ವರ್ಷದಲ್ಲಿ ನನಗೇ ನಾನು ಹೇಳಿಕೊಳ್ಳದ ಮಾತನ್ನು ಹದಿನೈದು ದಿನದ ಪರಿಚಯದವಳ ಮುಂದೆ ಹೇಳಿಬಿಟ್ಟೆ.

ಅವಳು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, "ಒಂದನೇದರಿಂದ ಶುರು ಮಾಡೋಣ. ಬಾಗಿಲು ಮುಚ್ಚುತ್ತಿಲ್ಲ. ನೀವು ಹೇಳ್ತಾ ಹೋಗಿ" ಅಂದಳು.

ಮಾರ್ಚ್ 27, ಗುರುವಾರ

ಇಪ್ಪತ್ತೆರಡು ಮುಗಿದವು. ನಾನು ಹೇಳುವುದು, ಅವಳು ಯಾಕೆ ಅನ್ನುವುದು, ಉತ್ತರ ಸಿಕ್ಕರೆ ಬರೆಯುವುದು, ಸಿಗದಿದ್ದರೆ ಆ ಸಾಲನ್ನು ಕಿತ್ತುಹಾಕಿ ಏನಾಗುತ್ತದೆಂದು ನೋಡುವುದು. ಹೆಚ್ಚಾಗಿ ಏನೂ ಆಗುವುದಿಲ್ಲ.

ಇವತ್ತು ಆ ಇಪ್ಪತ್ತಮೂರು ಬಂತು. ನಾಲ್ಕು ಸೆಕೆಂಡ್ ಕಾಯುವುದು. ತಲೆ ಕೆರೆದುಕೊಂಡೆ, ನೆನಪಾಗಲಿಲ್ಲ. ಕೊನೆಗೆ ನಿವೃತ್ತನಾದ ಹಳೆಯ ಮೆಕ್ಯಾನಿಕ್‌ಗೆ ಫೋನು ಮಾಡಿದೆ.

"ಅದಾ? ಹಳೇ ಗಡಿಯಾರ ಕಾರ್ಖಾನೆ ಲಿಫ್ಟಿಗೆ ಹಾಕಿದ್ವಲ್ಲಮ್ಮ. ಅದರ ಬಾಗಿಲು ಮುಚ್ಚೋಕೆ ಮುಂಚೆ ಒಂದು ಸಲ ನಡುಗ್ತಿತ್ತು. ನಡುಕ ನಿಲ್ಲಲಿ ಅಂತ ನಾಲ್ಕು ಸೆಕೆಂಡ್."

"ಈಗ ಆ ಲಿಫ್ಟು?"

"ಆ ಕಟ್ಟಡ ಕೆಡವಿ ಆರು ವರ್ಷ ಆಯ್ತು!"

ಆರು ವರ್ಷದಿಂದ ಊರಿನ ನಾನೂರು ಕಟ್ಟಡದ ಲಿಫ್ಟುಗಳು, ಇಲ್ಲದ ಒಂದು ಬಾಗಿಲಿನ ನಡುಕ ನಿಲ್ಲಲಿ ಅಂತ ನಾಲ್ಕು ನಾಲ್ಕು ಸೆಕೆಂಡ್ ಮರ್ಯಾದೆಯಿಂದ ನಿಂತಿವೆ. ಎಷ್ಟು ಜನ ಎಷ್ಟು ಸಲ ನಿಂತಿರಬಹುದು ಎಂದು ಯಾಕಮ್ಮ ಲೆಕ್ಕ ಹಾಕಹೊರಟಳು. ಬೇಡ ತಾಯಿ, ಕೈ ಮುಗಿಯುತ್ತೇನೆ ಅಂದೆ. ಇಬ್ಬರೂ ಎಷ್ಟು ನಕ್ಕೆವೆಂದರೆ ಮ್ಯಾನೇಜರ್ ಕೋಣೆಯಿಂದ ಹೊರಗೆ ಬಂದು ನೋಡಿದರು.

ಏಪ್ರಿಲ್ 2, ಬುಧವಾರ

ಮಗಳು ಬಂದು, "ಅಮ್ಮಾ, ಕಾಲೇಜಿಂದ ನಾಲ್ಕು ದಿನ ಪ್ರವಾಸ ಇದೆ, ಅಪ್ಪನನ್ನ ಕೇಳು" ಅಂದಳು. ನನ್ನ ತಲೆಯಲ್ಲಿ ಮೂವತ್ತೊಂದನೇ ಸಂದೇಶ ಓಡುತ್ತಿತ್ತು. "ಅಪ್ಪ ಅಲ್ಲೇ ಕೂತಿದ್ದಾರೆ, ನೀನೇ ಕೇಳು" ಅಂದುಬಿಟ್ಟೆ. ಕೇಳಿದಳು. ಒಂದು ನಿಮಿಷದಲ್ಲಿ ಒಪ್ಪಿಗೆ ಸಿಕ್ಕಿತು. ಆಮೇಲೆ ಅಪ್ಪ ಮಗಳು ಅರ್ಧ ಗಂಟೆ ಅದೇನೋ ಮಾತಾಡುತ್ತ ನಗುತ್ತಿದ್ದರು. ಏನು ಎಂದು ನನಗೆ ಗೊತ್ತಾಗಲಿಲ್ಲ. ಮೂವತ್ತೊಂದು ಮುಗಿಯಿತು.

ಏಪ್ರಿಲ್ 9, ಬುಧವಾರ

ಹಳೆಯದು ನಲವತ್ತೇಳು, ಹೊಸದು ಹದಿನಾಲ್ಕು, ಎಲ್ಲ ಮುಗಿದವು. ಪ್ರತಿಯೊಂದೂ ತನ್ನ ಪಾಡಿಗೆ ತಾನು ಬೇರೆ ಬೇರೆ ಇವೆ. ಅತಿ ದೊಡ್ಡದು ತೊಂಬತ್ತು ಸಾಲು. ಬಾಗಿಲಲ್ಲಿ ನಂಬರು ನೋಡಿ ಒಪ್ಪಿಸುವ ಕೋಡು ಹನ್ನೆರಡೇ ಸಾಲು. ಯಾವ ನಂಬರಿಗೂ ಹೊಂದದ ಸಂದೇಶಕ್ಕೆ ಬೇರೆ ಗೂಡು ಇಟ್ಟಿದ್ದೇನೆ. ಅಲ್ಲಿಗೆ ಏನೇ ಬಿದ್ದರೂ ಮನುಷ್ಯರೊಬ್ಬರಿಗೆ ಫೋನು ಹೋಗಲೇಬೇಕು. ಆ ಕ್ಲಾಸನ್ನು ಮಾತ್ರ ಯಾಕಮ್ಮನಿಗೂ ಕೊಡದೆ ನಾನೇ ಬರೆದೆ.

ಹಳೆಯ ಫೈಲನ್ನು ಅಳಿಸುವುದು ಉಳಿದಿತ್ತು. ಯಾಕಮ್ಮ ಏನೋ ನೆಪ ಮಾಡಿ ಎದ್ದು ಹೋದಳು. ಒಂದು ಸಲ ಮೇಲಿನಿಂದ ಕೆಳಗಿನವರೆಗೆ ಓದಿದೆ. ಕೆಟ್ಟ ಕೋಡು. ನಿಜಕ್ಕೂ ಕೆಟ್ಟ ಕೋಡು. ಮಗಳಿಗೆ ಜ್ವರ ಬಂದಿದ್ದ ವಾರದಲ್ಲಿ ಬರೆದ ಸಾಲು ಯಾವುದು, ಅತ್ತೆ ತೀರಿಕೊಂಡ ತಿಂಗಳಲ್ಲಿ ಬರೆದದ್ದು ಯಾವುದು, ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಅಳಿಸಿದೆ. ಮ್ಯಾನೇಜರ್ ನೋಟ್‌ಬುಕ್ಕಿನಲ್ಲಿ "ಸರ್ವರ್ ನೋಡಿಕೊಂಡೆ" ಎಂದು ಬರೆದೆ.

ಏಪ್ರಿಲ್ 11, ಶುಕ್ರವಾರ

ತಪಾಸಣೆ. ನಾವು ಆಫೀಸಿನಲ್ಲಿ ಪರದೆಯ ಮುಂದೆ ಕೂತಿದ್ದೆವು, ಮ್ಯಾನೇಜರ್ ಆಸ್ಪತ್ರೆಯಿಂದ ಫೋನಿನಲ್ಲಿದ್ದರು. ತಪಾಸಣಾಧಿಕಾರಿ ಬಾಗಿಲಿಗೆ ಕಾಲು ಕೊಟ್ಟು ನೋಡಿದ, ಭಾರ ಹೇರಿಸಿ ನೋಡಿದ, ಗಂಟೆ ಒತ್ತಿದ. ಎಲ್ಲವೂ ಸರಿಯಾದ ಗೂಡಿಗೇ ಹೋದವು. ಉಸಿರು ಬಿಡುವಷ್ಟರಲ್ಲಿ ಪರದೆಯ ಮೇಲೆ ಬಂತು, ಅರವತ್ತೆರಡು.

ಅರವತ್ತೆರಡು ಅನ್ನುವುದೇ ಇಲ್ಲ! ಕಾರ್ಖಾನೆಯವರು ಕೊಟ್ಟ ಪಟ್ಟಿ ಅರವತ್ತೊಂದಕ್ಕೇ ಮುಗಿಯುತ್ತದೆ. ಯಾಕಮ್ಮ ನನ್ನ ಕೈ ಹಿಡಿದುಕೊಂಡಳು, ಅಥವಾ ನಾನು ಅವಳದ್ದು.

ಅದು ನಾನು ಇಟ್ಟಿದ್ದ ಆ ಬೇರೆ ಗೂಡಿಗೆ ಬಿತ್ತು. "ಗೊತ್ತಿಲ್ಲದ ಸಂದೇಶ, ನಂಬರು 62. ದೊಡ್ಡಾಸ್ಪತ್ರೆ, ನಾಲ್ಕನೇ ಲಿಫ್ಟು. ಯಾರಾದರೂ ಹೋಗಿ ನೋಡಿ" ಎಂದು ಮೆಕ್ಯಾನಿಕ್‌ಗೆ ಫೋನು ಹೋಯಿತು. ಏಳು ನಿಮಿಷಕ್ಕೆ ಅವನು ಅಲ್ಲಿದ್ದ. ತಪಾಸಣಾಧಿಕಾರಿ ಯಾರಿಗೂ ಹೇಳದೆ ಲಿಫ್ಟಿನ ಚಾವಣಿಯ ಮುಚ್ಚಳ ತೆಗೆದು ನೋಡಿದ್ದನಂತೆ. ಅದಕ್ಕೂ ಒಂದು ಸಂದೇಶ ಇದೆ ಎನ್ನುವುದು ಕಾರ್ಖಾನೆಯವರಿಗೇ ಮರೆತುಹೋಗಿತ್ತು.

"ಪಟ್ಟಿಯಲ್ಲಿ ಇಲ್ಲದ್ದನ್ನೂ ಕೇಳಿಸಿಕೊಳ್ತೀರಲ್ಲ," ಎಂದು ಅವನು ಮ್ಯಾನೇಜರ್‌ಗೆ ಹೇಳಿ ಸಹಿ ಹಾಕಿದನಂತೆ. ಮ್ಯಾನೇಜರ್ ಫೋನಿನಲ್ಲೇ, "ಮೇಡಂ, ಮೇಲಿನ ಆ ಮೇಜು ಬೇರೆಯವರಿಗೆ ಕೊಟ್ಟುಬಿಡ್ತೀನಿ" ಅಂದರು. ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಯಾಕಮ್ಮ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ.

ಏಪ್ರಿಲ್ 16, ಬುಧವಾರ

ಅರವತ್ತೆರಡಕ್ಕೆ ಈಗ ಸರಿಯಾದ ಕ್ಲಾಸ್ ಬೇಕು. ಬೆಳಿಗ್ಗೆಯೇ ಯಾಕಮ್ಮ ಅದನ್ನು ಕೈಗೆತ್ತಿಕೊಂಡಳು. ನಾನು ಕಾಫಿ ತಂದಿಟ್ಟುಕೊಂಡು, ಅವಳು ಕೇಳಬಹುದಾದ್ದಕ್ಕೆಲ್ಲ ಉತ್ತರ ಸಿದ್ಧ ಮಾಡಿಕೊಂಡು ಕೂತೆ.

ನಲವತ್ತು ನಿಮಿಷದಲ್ಲಿ ಮುಗಿಸಿದಳು. ಒಂದೂ ಪ್ರಶ್ನೆ ಕೇಳಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಸರ್ವರಿನಲ್ಲಿ ನನ್ನ ಎದುರಿಗೇ ನನ್ನನ್ನು ಕೇಳದೆ ಒಂದು ಕೆಲಸ ಆಯಿತು. ಅದಕ್ಕಾಗಿಯೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು? ಹೌದು. ಆದರೂ ಕಾಫಿ ಆರಿಹೋಯಿತು.

ಏಪ್ರಿಲ್ 17, ಗುರುವಾರ

ಇವತ್ತು ರಜೆ ಹಾಕಿದೆ. ಯಾರೂ ಬೇಡ ಅನ್ನಲಿಲ್ಲ, ಅದಕ್ಕೂ ಸಿಟ್ಟು ಬಂತು. ಬೆಳಿಗ್ಗೆ ಒಂಬತ್ತರಿಂದ ಫೋನನ್ನು ಎದುರಿಗೇ ಇಟ್ಟುಕೊಂಡು ಕೂತಿದ್ದೆ. ಹನ್ನೊಂದಾದರೂ ಕಮಕ್ ಕಿಮಕ್ ಅನ್ನಲಿಲ್ಲ. ಮಾವ ಹೊಸ ಕನ್ನಡಕ ಹಾಕಿಕೊಂಡು ಪೇಪರ್ ಓದುತ್ತಿದ್ದರು.

"ಯಾರ ಫೋನಿಗಮ್ಮಾ ಕಾಯ್ತಿರೋದು?"

"ಯಾರದ್ದೂ ಇಲ್ಲ ಮಾವ. ಯಾರೂ ಮಾಡ್ತಿಲ್ಲ, ಅದೇ."

ಮಾವ ಪೇಪರ್ ಮಡಿಚಿದರು.

"ನಾನು ರಿಟೈರ್ ಆದ ಮಾರನೇ ದಿನ ಏನ್ ಮಾಡಿದೆ ಗೊತ್ತಾ? ಅಂಚೆ ಕಚೇರಿ ಎದುರಿಗೆ ಒಂದು ಕ್ಷೌರದ ಅಂಗಡಿ ಇತ್ತು. ಬೇಡದಿದ್ರೂ ತಲೆ ಒಪ್ಪಿಸಿ ಕೂತೆ, ಕನ್ನಡೀಲಿ ನೋಡ್ತಾ. ನಾನಿಲ್ಲದೆ ಕಾಗದದ ಗಾಡಿ ಅರ್ಧ ಗಂಟೆನಾದ್ರೂ ತಡ ಆಗತ್ತೆ ಅಂತ ಖಾತ್ರಿ ಇತ್ತು ನನಗೆ."

"ಆಯ್ತಾ?"

"ಎರಡು ನಿಮಿಷ ಮುಂಚೆ ಹೋಯ್ತು. ನನಗೆ ಎಷ್ಟು ಹೊಟ್ಟೆ ಉರೀತು ಅಂದ್ರೆ, ಮನೆಗೆ ಬಂದು ನಿಮ್ಮತ್ತೆ ಮೇಲೆ ಕೂಗಾಡಿದೆ. ಪಾಪ, ಅವಳಿಗೆ ಗಾಡಿನೂ ಗೊತ್ತಿಲ್ಲ, ಗೂಡೂ ಗೊತ್ತಿಲ್ಲ. ತಲೆ ಯಾಕೆ ಹೀಗೆ ಬೋಳಿಸಿಕೊಂಡು ಬಂದ್ರಿ ಅಂತ ಕೇಳಿದ್ಲು, ಅಷ್ಟೇ."

ನಗು ತಡೆಯಲಾಗಲಿಲ್ಲ. "ಆಮೇಲೆ?"

"ಆಮೇಲೆ ಮಧ್ಯಾಹ್ನ ನಮ್ಮನೆಗೇ ಒಂದು ಕಾಗದ ಬಂತು. ನಾನು ವಿಂಗಡಿಸದೆ ನಮ್ಮನೆಗೆ ಬಂದ ಮೊದಲನೇ ಕಾಗದ. ಹೊಸಬ ಯಾವನೋ ನಂಬರು ನೋಡಿ ಎಸೆದಿದ್ದ. ಸರಿಯಾಗೇ ಎಸೆದಿದ್ದ."

"ಯಾರದ್ದು ಮಾವ?"

"ನಿನ್ನ ಗಂಡಂದು. ಆಗ ಅವನು 'ಕನ್ನಡಕದ ಕೆಲಸ ಕಲೀತೀನಿ' ಅಂತ ಹೊರಗಿದ್ನಲ್ಲ. ಒಂದು ಹುಡುಗೀನ ನೋಡಿದ್ದೀನಿ, ತುಂಬಾ ಬಾಯಿ, ಆದ್ರೆ ಮದುವೆ ಆದ್ರೆ ಅವಳನ್ನೇ ಅಂತ ಬರೆದಿದ್ದ."

ನನ್ನ ಕಣ್ಣು ತುಂಬಿತ್ತು, ಮಾವ ನೋಡದ ಹಾಗೆ ಪೇಪರ್ ಬಿಡಿಸಿಕೊಂಡರು. ಅದರ ಹಿಂದಿನಿಂದ, "ಆ ಹೊಸಬನಿಗೆ ಕೆಲಸ ಕಲಿಸಿದ್ದು ನಾನೇ" ಅಂದರು.

ನಾಳೆ ಹೋಗಿ ಯಾಕಮ್ಮನಿಗೆ ಅರವತ್ತೆರಡನ್ನು ಚೆನ್ನಾಗಿ ಬರೆದಿದ್ದೀಯ ಅಂತ ಹೇಳಬೇಕು. ನಿನ್ನೆ ನೋಡೇ ಇಲ್ಲ ಅನ್ನುವ ಹಾಗೆ ಮುಖ ಮಾಡಿಕೊಂಡು ಕೂತಿದ್ದೆ. ಮೂರು ಸಲ ಓದಿದ್ದೇನೆ, ಎಲ್ಲಾದರೂ ತಪ್ಪು ಸಿಗಲಿ ಅಂತ. ಒಂದೂ ಸಿಗಲಿಲ್ಲ.